ಕೆಂಪು ಕಲ್ಲಿನ ಗೋಡೆಗೆ ಸುಣ್ಣದ ಸಂದು ಬೇಕು: ಬೆಳಗಾವಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಖಾನಾಪುರ ತಾಲ್ಲೂಕಿನಲ್ಲಿ, ಬೆಳಗಾವಿಯ ಪಶ್ಚಿಮದ ಹಳ್ಳಿಗಳಲ್ಲಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಕೆಂಪು ಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹಳೆಯ ಶಾಲೆಗಳು, ಚಾವಡಿಗಳು, ಬಾವಿಗಳು ಇನ್ನೂ ಬಳಕೆಯಲ್ಲಿವೆ. ಅವುಗಳ ಸಂದು, ಅಂದರೆ ಕಲ್ಲುಗಳ ನಡುವೆ ತುಂಬಿದ ಗಾರೆ, ಉದುರಿದಾಗ ಯಾರು ಎಸ್ಟಿಮೇಟ್ ಬರೆದರೂ ಸಾಮಾನ್ಯವಾಗಿ ಬರುವ ಸಾಲು ಒಂದೇ: ‘ಹಳೆಯ ಸಂದು ಕೆದಕಿ 1:3 ಸಿಮೆಂಟ್ ಗಾರೆಯಲ್ಲಿ ಪಾಯಿಂಟಿಂಗ್’, ಅಂದರೆ ಒಂದು ಪಾಲು ಸಿಮೆಂಟು, ಮೂರು ಪಾಲು ಉಸುಕಿನ ಗಾರೆಯಿಂದ ಸಂದನ್ನು ಮತ್ತೆ ತುಂಬುವುದು. ಸುಣ್ಣದಲ್ಲಿ ಕಟ್ಟಿದ ಗೋಡೆಗಳ ಮಟ್ಟಿಗೆ ಈ ಒಂದು ಸಾಲನ್ನು ಬದಲಿಸಿ ಎಂದು ಕೇಳುವುದಕ್ಕೇ ಈ ಪತ್ರ.

ಸಿಮೆಂಟ್ ಪಾಯಿಂಟಿಂಗ್ ಆಗಿ ಕೆಲವು ಮಳೆಗಾಲ ಕಳೆದ ಕೆಂಪು ಕಲ್ಲಿನ ಗೋಡೆಯ ಹತ್ತಿರ ನಿಂತು ನೋಡಿ. ಸಿಮೆಂಟಿನ ಗೆರೆಗಳು ಬಲೆಯ ಹಾಗೆ ಮುಂದಕ್ಕೆ ಚಾಚಿರುತ್ತವೆ, ನಡುವಿನ ಕಲ್ಲು ಗುಳಿಬಿದ್ದು ಒಳಗೆ ಸರಿದಿರುತ್ತದೆ. ಆ ಗುಳಿಯಲ್ಲಿ ಬೆರಳು ಆಡಿಸಿದರೆ ಕಲ್ಲು ಕೆಂಪು ಹಿಟ್ಟಾಗಿ ಉದುರುತ್ತದೆ, ಹಿಟ್ಟಿನ ಜೊತೆ ಬಿಳಿ ಉಪ್ಪು ಕೈಗಂಟುತ್ತದೆ. ಸಿಮೆಂಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಗೋಡೆಗೆ ನೀರು ಇಳಿಯುವುದು ಅಲ್ಲಿಂದಲೇ.

ಸಿಮೆಂಟ್ ಗಾರೆ ಗಟ್ಟಿಯಾಗುವಾಗ ಕುಗ್ಗುತ್ತದೆ, ಕಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಗಾಳಿ ಬೀಸಿ ಹೊಡೆಯುವ ಮಳೆಯ ನೀರನ್ನು ಆ ಸೀಳು ಒಳಗೆ ಎಳೆದುಕೊಳ್ಳುತ್ತದೆ. ಒಳಹೋದ ನೀರು ಸಂದಿನಿಂದ ಆರಿ ಹೊರಗೆ ಬರಬೇಕೆಂದರೆ ಸಿಮೆಂಟ್ ಬಿಡುವುದಿಲ್ಲ. ಆಗ ಅದು ಕಲ್ಲಿನ ಮೂಲಕವೇ ಆರುತ್ತದೆ, ಕರಗಿದ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಕಲ್ಲನ್ನೇ ಒಡೆಯುತ್ತದೆ. ಬಲದ ಲೆಕ್ಕವನ್ನೂ ನೋಡಿ. 1:3 ಸಿಮೆಂಟ್ ಗಾರೆಗೆ ಭಾರತೀಯ ಮಾನಕ ಹೇಳುವ ಬಲ ಪ್ರತಿ ಚದರ ಮಿ.ಮೀ.ಗೆ 10 ನ್ಯೂಟನ್. ಜಂಬಿಟ್ಟಿಗೆ ಕಲ್ಲಿನ ಭಾರತೀಯ ಮಾನಕ ಕೇಳುವುದು ಕನಿಷ್ಠ 3.5. ಕಲ್ಲಿಗಿಂತ ಸುಮಾರು ಮೂರು ಪಟ್ಟು ಗಟ್ಟಿಯಾದದ್ದನ್ನು ಕಲ್ಲುಗಳ ನಡುವೆ ತುರುಕಿದರೆ ಗೋಡೆ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವಾಗ ಒಡೆಯುವುದು ಕಲ್ಲಿನ ಅಂಚೇ. ಉದುರಿದ ಸಂದನ್ನು ಮತ್ತೆ ತುಂಬಬಹುದು, ಸವೆದ ಕಲ್ಲನ್ನು ತುಂಬಲು ಬರುವುದಿಲ್ಲ. ಅಥಣಿ, ರಾಯಬಾಗದ ಒಣ ಸೀಮೆಯಲ್ಲಿ ಈ ಕೆಡುಕು ನಿಧಾನವಾಗಿ ಕಾಣುತ್ತದೆ. ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ಬೇಗ ಕಾಣುತ್ತದೆ. ಎರಡು ಸೀಮೆಗೂ ಒಂದೇ ಸಾಲು ಸಲ್ಲದು.

ಸಂದಿಗೆ ಕೈ ಹಾಕುವ ಮುಂಚೆ ನೀರಿನ ದಾರಿ ಸರಿಯಾಗಬೇಕು. ಒಡೆದ ಹೆಂಚು, ಕೆಳಮುಖವಾಗಿ ಬಾಗಿದ ಸೂರಿನ ತಗಡು, ಗೋಡೆಯ ಬುಡಕ್ಕೇ ಸುರಿಯುವ ಪೈಪು ಇವೆಲ್ಲ ಮೊದಲು. ಅಂಗಳಕ್ಕೆ ಮಣ್ಣು, ಕಾಂಕ್ರೀಟು, ಪೇವರ್ ಹಾಕಿ ಹಾಕಿ ನೆಲಮಟ್ಟ ಏರಿದ್ದರೆ ಗೋಡೆಯ ಬುಡವನ್ನು ಬಿಡಿಸಿ ನೀರು ಹೊರಕ್ಕೆ ಹರಿಯುವ ಇಳಿಜಾರು ಕೊಡಬೇಕು. ಸಂದಿನಲ್ಲಿ ಬೇರುಬಿಟ್ಟ ಅರಳಿ ಸಸಿಯನ್ನು ಹಿಡಿದು ಎಳೆದರೆ ಕಲ್ಲು ಸಮೇತ ಬರುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ, ಅಲ್ಲಿಯ ಒಂದೆರಡು ಕಲ್ಲು ಬಿಚ್ಚಿ, ಬೇರು ತೆಗೆದು ಮತ್ತೆ ಕಟ್ಟುವುದೇ ಸರಿ.

ಹಳೆಯ ಗಾರೆ ಯಾವುದೆಂದು ತಿಳಿಯುವುದು ಕಷ್ಟವಲ್ಲ. ಮೊಳೆಯಿಂದ ಗೀರಿದರೆ ಸುಣ್ಣದ ಗಾರೆ ಪುಡಿಯಾಗಿ ಬರುತ್ತದೆ, ಒಳಗೆ ಅಕ್ಕಿಕಾಳಿನಷ್ಟು ಬಿಳಿ ಸುಣ್ಣದ ಗಂಟುಗಳು ಕಾಣುತ್ತವೆ. ಒಂದು ಹೆಂಟೆಯನ್ನು ತೆಳು ಆಮ್ಲದಲ್ಲಿ ಹಾಕಿದರೆ ನೊರೆಯೆದ್ದು ಸುಣ್ಣ ಕರಗುತ್ತದೆ. ತಳದಲ್ಲಿ ಉಳಿದದ್ದನ್ನು ತೊಳೆದು ಒಣಗಿಸಿದರೆ ಆ ಕಾಲದ ಗೌಂಡಿ ಬಳಸಿದ ಉಸುಕು ಕೈಗೆ ಸಿಗುತ್ತದೆ, ಅದರ ದಪ್ಪ, ಬಣ್ಣ, ಇಟ್ಟಿಗೆಪುಡಿ ಇದ್ದರೆ ಅದರ ಕೆಂಪು ಎಲ್ಲವೂ. ಹೊಸ ಗಾರೆಗೆ ಅಳತೆಗೋಲು ಅದೇ.

ಕೆಲಸ ಕೆಡುವುದು ಹೆಚ್ಚಾಗಿ ಸಂದು ಕೆದಕುವಾಗಲೇ. 5 ಮಿ.ಮೀ. ಕೆರೆದು ಮೇಲೆ ಸವರಿದ ಗಾರೆ ಸಿಪ್ಪೆಯ ಹಾಗೆ ಏಳುತ್ತದೆ. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳ ಬೇಕು. 15 ಮಿ.ಮೀ. ಸಂದಿಗೆ 30 ರಿಂದ 37 ಮಿ.ಮೀ., ಯಾವ ಸಂದಿಗೂ 20 ಮಿ.ಮೀ.ಗಿಂತ ಕಡಿಮೆ ಸಲ್ಲದು. ತಳ ಚೌಕವಾಗಿರಬೇಕು, ಮೊನಚಾಗಿ ಇಳಿಯಬಾರದು. ಸಂದಿಗಿಂತ ತೆಳುವಾದ ಉಳಿ, ಹಗುರ ಸುತ್ತಿಗೆ ಸಾಕು. ಗ್ರೈಂಡರ್ ಬೇಡವೇ ಬೇಡ: ಅದರ ಬ್ಲೇಡು ನಿಲುವು ಸಂದಿನಲ್ಲಿ ಒಂದಿಷ್ಟು ಜಾರಿದರೂ ಮೇಲಿನ ಕಲ್ಲಿಗೆ ಗಾಯ. ಗಟ್ಟಿಯಾಗಿರುವ ಹಳೆಯ ಸುಣ್ಣದ ಸಂದನ್ನು ಮುಟ್ಟಬೇಕಾಗಿಲ್ಲ. ಹಿಂದಿನವರು ತುಂಬಿದ ಸಿಮೆಂಟು ಕಲ್ಲಿಗೆ ಬಲವಾಗಿ ಕಚ್ಚಿಕೊಂಡು, ತೆಗೆಯಹೋದರೆ ಅಂಚು ಕಿತ್ತು ಬರುವಂತಿದ್ದರೆ ಅದನ್ನೂ ಸದ್ಯಕ್ಕೆ ಬಿಡುವುದು ಲೇಸು, ತಾನಾಗಿ ಸಡಿಲಾದಾಗ ತೆಗೆಯಬಹುದು. ಆಮೇಲೆ ಬ್ರಷ್ಷಿನಿಂದ ಧೂಳು ತೆಗೆದು, ಮೇಲಿನಿಂದ ಕೆಳಕ್ಕೆ ನೀರಿನಲ್ಲಿ ತೊಳೆಯಬೇಕು. ಧೂಳಿನ ಮೇಲೆ ಯಾವ ಗಾರೆಯೂ ಹಿಡಿಯದು.

ಇನ್ನು ಗಾರೆಯ ಮಾತು. ಸುಣ್ಣ ಗಟ್ಟಿಯಾಗುವುದು ಬರೀ ಆರುವುದರಿಂದಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ. ಅದಕ್ಕೆ ಸ್ವಲ್ಪ ತೇವ ಬೇಕು. ಆದರೆ ಗಾರೆಯ ರಂಧ್ರಗಳಲ್ಲಿ ನೀರೇ ತುಂಬಿದ್ದರೆ ಗಾಳಿ ಒಳಗೆ ಹೋಗದು. ಮಲೆನಾಡಿನ ಅಂಚಿನ ತೇವದಲ್ಲಿ ಬರೀ ಸುಣ್ಣ–ಉಸುಕಿನ ಸಂದು ತಿಂಗಳುಗಟ್ಟಲೆ ಮೆತ್ತಗೇ ಉಳಿದು ಮಳೆಗೆ ತೊಳೆದುಹೋಗುವುದು ಇದಕ್ಕೇ. ‘ಸುಣ್ಣ ನಿಲ್ಲುವುದಿಲ್ಲ’ ಎಂಬ ದೂರು ಹುಟ್ಟುವುದೂ ಇಲ್ಲಿಂದಲೇ, ಆ ದೂರಿನಲ್ಲಿ ಹುರುಳಿದೆ. ಇದಕ್ಕೆ ಮದ್ದು ಸುರ್ಕಿ. ಹದವಾಗಿ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ ನೀರಿನಲ್ಲಿಯೂ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತದೆ. ಇಟ್ಟಿಗೆ, ಹೆಂಚು, ಮಡಕೆಯ ಮಣ್ಣಿಗೆ ಖಾನಾಪುರ ಹೆಸರಾದದ್ದೇ, ಸುರ್ಕಿಗಾಗಿ ದೂರ ಹುಡುಕಬೇಕಾಗಿಲ್ಲ. ಆದರೆ ವಿಪರೀತ ಸುಟ್ಟು ಕಪ್ಪಾಗಿ ಗಾಜಿನಂತಾದ ಇಟ್ಟಿಗೆಯ ಪುಡಿ ಕೆಲಸಕ್ಕೆ ಬಾರದು. ಪರೀಕ್ಷೆ ಸುಲಭ: ಒಂದು ಪಾಲು ಸುಣ್ಣ, ಎರಡು ಪಾಲು ಸುರ್ಕಿ ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಮೂರು ದಿನ ಇಟ್ಟು, ಆಮೇಲೆ ನೀರು ತುಂಬಿದ ಲೋಟದಲ್ಲಿ ಮುಳುಗಿಸಿ. ಒಂದು ವಾರದ ಮೇಲೂ ಉಂಡೆ ಕದಡದೆ, ಉಗುರಿಗೆ ಗಟ್ಟಿಯಾಗಿ ತಾಗಿದರೆ ಆ ಸುರ್ಕಿ ನಂಬಬಹುದು.

ಸುಣ್ಣ ಕೊಳ್ಳುವಾಗ ಭಾರತೀಯ ಮಾನಕ (ಐಎಸ್) 712ರ ‘ಸಿ’ ವರ್ಗ, ಅಂದರೆ ಶುದ್ಧ ಸುಣ್ಣ, ಎಂದು ಎಸ್ಟಿಮೇಟಿನಲ್ಲೇ ಬರೆಯಬೇಕು. ಬಾಗಲಕೋಟೆ–ಲೋಕಾಪುರ ಸೀಮೆಯಲ್ಲಿ ಸುಣ್ಣಕಲ್ಲೂ ಇದೆ, ಮೆಗ್ನೀಸಿಯಂ ಬೆರೆತ ಕಲ್ಲಾದ ಡೊಲೊಮೈಟೂ ಇದೆ. ಡೊಲೊಮೈಟಿನ ಸುಣ್ಣ ನೀರಿನಲ್ಲಿ ತಡವಾಗಿ ಅರಳುತ್ತದೆ, ಅರಳದೆ ಉಳಿದ ಕಾಳು ಗೋಡೆಯೊಳಗೆ ಹಿಗ್ಗಿ ಸಂದನ್ನು ಸಿಡಿಸುತ್ತದೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡಬಾರದು. ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಕನಿಷ್ಠ ಒಂದು ತಿಂಗಳು ಕೊಳೆಹಾಕಿದರೆ ಬೆಣ್ಣೆಯಂಥ ಮುದ್ದೆ ಸಿಗುತ್ತದೆ. ಚೀಲದ ಸುಣ್ಣದ ಪುಡಿಯಾದರೆ ಹೊಸ ಚೀಲವೇ ಆಗಬೇಕು, ಒಂದು ದಿನವಾದರೂ ನೆನೆಯಬೇಕು. ಗಾಳಿ ತಾಗಿದ ಹಳೆಯ ಚೀಲದಲ್ಲಿ ಉಳಿದಿರುವುದು ಸುಣ್ಣವಲ್ಲ, ಸೀಮೆಸುಣ್ಣದ ಪುಡಿ.

ಪ್ರಮಾಣ ಗಾತ್ರದಲ್ಲಿ ಒಂದು ಪಾಲು ಸುಣ್ಣದ ಮುದ್ದೆ, ಅರ್ಧ ಪಾಲು ಸುರ್ಕಿ, ಎರಡೂವರೆ ಪಾಲು ಉಸುಕು. ಸುಣ್ಣಕ್ಕೂ ಉಸುಕಿಗೂ ಇರುವ ಲೆಕ್ಕ ಒಂದು ಬಕೆಟ್ಟಿನಲ್ಲಿ ಕಾಣುತ್ತದೆ. ಬಕೆಟ್ ತುಂಬ ಒಣ ಉಸುಕು ಹಾಕಿ, ಅಳೆದು ನೀರು ಹೊಯ್ಯುತ್ತ ಹೋಗಿ. ಉಸುಕಿನ ಮೇಲ್ಮಟ್ಟಕ್ಕೆ ನೀರು ಬರುವ ಹೊತ್ತಿಗೆ ಬಕೆಟ್ಟಿನ ಸುಮಾರು ಮೂರನೆಯ ಒಂದು ಪಾಲು ನೀರು ಇಳಿದಿರುತ್ತದೆ. ಕಾಳುಗಳ ನಡುವಿನ ಆ ಜಾಗವನ್ನು ತುಂಬುವಷ್ಟು ಸುಣ್ಣ ಬೇಕು. ಉಸುಕು ದಪ್ಪ–ಸಣ್ಣ ಕಾಳು ಬೆರೆತದ್ದಾಗಿರಲಿ, ಅತಿ ದಪ್ಪ ಕಾಳೂ ಸಂದಿನ ಅಗಲದ ಮೂರನೆಯ ಒಂದು ಪಾಲು ಮೀರದಿರಲಿ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಉಸುಕು) ಆದರೆ ಧೂಳು ತೊಳೆದೇ ಬಳಸಬೇಕು. ‘ಇರಲಿ’ ಎಂದು ಒಂದು ಬಟ್ಟಲು ಸಿಮೆಂಟು ಬೆರೆಸುವ ರೂಢಿಯನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ. ಬಿಳಿ ಸಿಮೆಂಟೂ ಸಿಮೆಂಟೇ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಿರಿಯರ ಪದ್ಧತಿ, ಅದರ ಬಗ್ಗೆ ಗೌರವವಿದೆ. ಆದರೆ ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗುವುದು ಇನ್ನೂ ತಡವಾಗುತ್ತದೆ, ತೇವದಲ್ಲಿ ಬೂಷ್ಟು ಬರುತ್ತದೆ. ಕೈಪಳಗಿದವರಿಲ್ಲದ ಕಡೆ ಅದನ್ನು ಬಿಡುವುದೇ ಕ್ಷೇಮ.

ಗಾರೆಯಲ್ಲಿ ನೀರು ಕಡಿಮೆ, ಕಲಸುವುದು ಹೆಚ್ಚು. ಕರಣೆಯನ್ನು ತಿರುವಿ ಹಿಡಿದರೂ ಗಾರೆ ಬೀಳಬಾರದು. ತುಂಬುವ ಮುಂಚೆ ಕಲ್ಲು ನೀರು ಕುಡಿದಿರಬೇಕು, ಆದರೆ ಮೇಲೆ ನೀರು ಹೊಳೆಯಬಾರದು. ಒಮ್ಮೆಗೆ 10 ಮಿ.ಮೀ. ಮೀರದ ಪದರ, ಸಂದಿನ ಅಗಲಕ್ಕೆ ಹೊಂದುವ ಕಬ್ಬಿಣದ ಪಟ್ಟಿಯಿಂದ ಒತ್ತಿ ಒತ್ತಿ. ಹೆಬ್ಬೆರಳಿಟ್ಟರೆ ಗುರುತು ಮೂಡಬೇಕು, ಬೆರಳು ಇಳಿಯಬಾರದು. ಆಗ ಮುಂದಿನ ಪದರ. ಕಲ್ಲಿನ ಅಂಚು ಸವೆದು ದುಂಡಾಗಿದ್ದರೆ ಸಂದನ್ನು ಒಂದೆರಡು ಮಿ.ಮೀ. ಒಳಗೇ ನಿಲ್ಲಿಸಬೇಕು, ಕಲ್ಲಿನ ಮೇಲೆ ಹರಡಿದ ತೆಳು ಅಂಚು ಮೊದಲ ಮಳೆಗೇ ಮುರಿಯುತ್ತದೆ. ಕೊನೆಗೆ ಕರಣೆಯಿಂದ ನುಣುಪು ಮಾಡದೆ ಬಿರುಸಾದ ಬ್ರಷ್ಷಿನಿಂದ ತಟ್ಟಿದರೆ ಮೇಲ್ಮೈ ತೆರೆದು ಗಾಳಿಯಾಡುತ್ತದೆ. ಒದ್ದೆ ಗೋಣಿ ತಾಟು ಇಳಿಬಿಟ್ಟು, ದಿನಕ್ಕೆ ಎರಡು–ಮೂರು ಸಲ ನೀರು ಚಿಮುಕಿಸಿ, ಎರಡು ವಾರ ಕಾಯಬೇಕು. ಪೈಪು ಹಿಡಿದು ನೀರು ಬಿಡುವ ಕ್ಯೂರಿಂಗ್ ಇಲ್ಲಿ ಬೇಡ.

ಖರ್ಚಿನ ಪ್ರಶ್ನೆ ಬರುತ್ತದೆ. 100 ಚದರ ಮೀಟರ್ ಗೋಡೆಯಲ್ಲಿ ಸುಮಾರು 15 ಮಿ.ಮೀ. ಅಗಲ, 30 ಮಿ.ಮೀ. ಆಳದ ಸಂದುಗಳಿಗೆ, ಪೋಲಾಗುವುದೂ ಸೇರಿ, 400 ಲೀಟರ್ ಗಾರೆ ಬೇಕು. ಅಂದರೆ ಸುಮಾರು 135 ಲೀಟರ್ ಸುಣ್ಣದ ಮುದ್ದೆ, 65 ಲೀಟರ್ ಸುರ್ಕಿ, 335 ಲೀಟರ್ ಉಸುಕು. ಆ ಮುದ್ದೆಗೆ 65–70 ಕಿಲೊ ಸುಟ್ಟ ಸುಣ್ಣ ಸಾಕು. ಸಾಮಾನಿನ ಹಣ ಇದರಲ್ಲಿ ಚಿಕ್ಕದು, ದೊಡ್ಡದು ಕೂಲಿ. ಆದ್ದರಿಂದ ಸಂದು ಕೆದಕುವುದಕ್ಕೆ ಬೇರೆ ದರ, ತುಂಬುವುದಕ್ಕೆ ಬೇರೆ ದರ ಇಡಿ, ಗಾರೆ ತುಂಬುವ ಮುಂಚೆ ಆಳ ಅಳೆದು ಅಳತೆ ಪುಸ್ತಕದಲ್ಲಿ ಬರೆಯುವಂತಾಗಲಿ. ಈಗಿನಂತೆ ಎರಡನ್ನೂ ಸೇರಿಸಿ ಚದರ ಮೀಟರಿಗೆ ಒಂದೇ ದರ ಕೊಟ್ಟರೆ ಯಾವ ಗುತ್ತಿಗೆದಾರನೂ ಆಳಕ್ಕೆ ಹೋಗುವುದಿಲ್ಲ. ದರಪಟ್ಟಿಯಲ್ಲಿ ಸುಣ್ಣ–ಸುರ್ಕಿಯ ಬಾಬು ಇಲ್ಲದಿದ್ದರೆ ದರ ವಿಶ್ಲೇಷಣೆ ಮಾಡಿಸಿ ಮಂಜೂರು ಮಾಡಬಹುದು.

ಹಣದಷ್ಟೇ ಮುಖ್ಯ ಕಾಲ. ಆರ್ಥಿಕ ವರ್ಷದ ಕೊನೆಗೆ ಕಾರ್ಯಾದೇಶ ಬಂದರೆ ಕೆಲಸ ಏಪ್ರಿಲ್–ಮೇ ತಿಂಗಳಿಗೆ ಬೀಳುತ್ತದೆ. ಮೊದಲು ಉರಿಬಿಸಿಲು ಗಾರೆಯ ನೀರನ್ನು ಹೀರಿ ಪುಡಿ ಮಾಡುತ್ತದೆ, ಹಿಂದೆಯೇ ಅಡ್ಡಮಳೆ ಹೊಡೆಯುತ್ತದೆ. ನಮ್ಮ ಸೀಮೆಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಮಾರ್ಚ್ ದಾಟಬಾರದು.

ಹಾಗಾಗಿ ಅಕ್ಟೋಬರಿನೊಳಗೆ ಕಾರ್ಯಾದೇಶ ಕೊಡಿ. ಪ್ರತಿ ಕಟ್ಟಡದಲ್ಲಿ ಮೊದಲು ಒಂದು ಚದರ ಮೀಟರ್ ಮಾದರಿ ಮಾಡಿಸಿ, ಇಂಜಿನಿಯರ್ ಒಪ್ಪಿ ಸಹಿ ಹಾಕಿದ ಮೇಲೆ ಉಳಿದದ್ದು ನಡೆಯಲಿ. ಆ ಮಾದರಿ ಗೋಡೆಯಲ್ಲೇ ಉಳಿದು ಬಿಲ್ಲಿನ ದಿನ ಹೋಲಿಸಿ ನೋಡಲು ಸಿಗಲಿ. ಮೊದಲ ವರ್ಷಕ್ಕೆ ಖಾನಾಪುರ ತಾಲ್ಲೂಕಿನ ಒಂದೇ ಶಾಲೆ ಆದರೂ ಸಾಕು, ಒಂದು ಮಳೆಗಾಲ ಕಳೆದ ಮೇಲೆ ಆ ಗೋಡೆಯನ್ನೂ ಸಿಮೆಂಟ್ ತುಂಬಿದ ಗೋಡೆಯನ್ನೂ ತಾವೇ ಬಂದು ಕೈಯಿಟ್ಟು ನೋಡಬೇಕು. ಸೆಪ್ಟೆಂಬರಿನಲ್ಲಿ ಸುಣ್ಣ ಕೊಳೆಹಾಕಿಸಿದರೆ ನವೆಂಬರಿಗೆ ಮುದ್ದೆ ಸಿದ್ಧವಾಗಿರುತ್ತದೆ.

ಇಂತಿ,
ಬೆಳಗಾವಿ, ಖಾನಾಪುರದ ಗೌಂಡಿಗಳು ಮತ್ತು ಹಳೆಯ ಕಟ್ಟಡ ದುರಸ್ತಿಯ ಕೆಲಸ ಬಲ್ಲವರು