ಆ ಪರ್ಸೆಂಟ್ ಯಾರದ್ದು? ವೆಸ್ನೋತ್ ಆಡುವ ಗೆಳೆಯನಿಗೊಂದು ಪತ್ರ

ಮಂಗಳೂರು

ಪ್ರೀತಿಯ ಸುಧೀರ,

'ಬ್ಯಾಟಲ್ ಫಾರ್ ವೆಸ್ನೋತ್' ಮೋಸದ ಆಟ ಅಂತ ಉಡುಪಿಯಿಂದ ಸಿಟ್ಟಿನಲ್ಲಿ ಬರೆದಿದ್ದೀಯಲ್ಲ, ಅದಕ್ಕೆ ವಾಟ್ಸಾಪಿನ ನಾಲ್ಕು ಸಾಲು ಸಾಲದು. ಹೊಸದಾಗಿ ಆಡುವ ಬೇರೆಯವರಿಗೂ ಆಗಲಿ ಅಂತ ಇಲ್ಲೇ ಬರೆಯುತ್ತೇನೆ. ಆರು ಮೂಲೆಯ ಮನೆಗಳ ನಕ್ಷೆಯಲ್ಲಿ ಸರದಿಯಂತೆ ಆಳುಗಳನ್ನು ನಡೆಸಿ ಯುದ್ಧ ಮಾಡುವ ಕಂಪ್ಯೂಟರ್ ಆಟ ಅದು, 2003ರಿಂದ ಉಚಿತವಾಗಿ ಸಿಗುತ್ತದೆ, ಸೋರ್ಸ್ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಮಳೆಗೆ ನೆಟ್ ಹೋದರೂ ಕ್ಯಾಂಪೇನ್ (ಕಥೆಯಾಗಿ ಸಾಗುವ ಯುದ್ಧಗಳ ಸಾಲು) ನಿಲ್ಲುವುದಿಲ್ಲ. ಅದರಲ್ಲಿ ಮೋಸ ಇಲ್ಲ ಮಾರಾಯ. ನಿಯಮ ಉಂಟು, ಆದರೆ ಆಡುವಾಗ ಅದೆಲ್ಲ ಒಂದೇ ಕಡೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಮೊದಲು ನಿನ್ನ ದೂರು: "60 ಪರ್ಸೆಂಟ್ ತೋರಿಸಿ ಮೂರೂ ಏಟು ತಪ್ಪಿತು." ಪ್ರತಿ ಏಟಿಗೂ ದಾಳ ಬೇರೆ, ಹಿಂದಿನ ಏಟು ತಪ್ಪಿತು ಅಂತ ಮುಂದಿನದ್ದಕ್ಕೆ ರಿಯಾಯಿತಿ ಇಲ್ಲ. ಒಂದು ಏಟು ತಪ್ಪುವ ಸಾಧ್ಯತೆ 40, ಹಾಗಾದರೆ ಮೂರೂ ತಪ್ಪುವುದು 6.4 ಪರ್ಸೆಂಟ್. ಇಂಥ ದಾಳಿ ನೂರು ಸಲ ಮಾಡಿದರೆ ಸರಾಸರಿ ಆರು ಸಲ ಹೀಗಾಗುತ್ತದೆ. ಒಂದು ಸಿನಾರಿಯೊದಲ್ಲಿ (ಕ್ಯಾಂಪೇನಿನ ಒಂದು ಯುದ್ಧದಲ್ಲಿ) ಎಷ್ಟು ಸಲ ಹೊಡೆಯುತ್ತೀ ಎಣಿಸಿ ನೋಡು. ಇನ್ನೊಂದು ತುದಿಯಲ್ಲಿ, ಮೂರೂ ತಾಗುವುದು 21.6 ಮಾತ್ರ. ಮೂರೂ ತಾಗಿದರೆ ಮಾತ್ರ ಶತ್ರು ಸಾಯುತ್ತಾನೆ ಅಂತಿರುವ ಕಡೆ, 60 ಅನ್ನುವ ಸಂಖ್ಯೆ ನೋಡಿ ಧೈರ್ಯ ಮಾಡಬೇಡ. ದಾಳಿಯ ಕಿಟಕಿಯಲ್ಲಿ 'ಡ್ಯಾಮೇಜ್ ಕ್ಯಾಲ್ಕುಲೇಷನ್ಸ್' ಅಂತ ಬಟನ್ ಉಂಟು. ಅದನ್ನು ಒತ್ತಿದರೆ ಇಬ್ಬರಿಗೂ ಎಷ್ಟು ಜೀವ ಉಳಿಯಬಹುದು ಎಂಬ ಪೂರ್ತಿ ಲೆಕ್ಕ ಬರುತ್ತದೆ.

ಈಗ ಮುಖ್ಯ ವಿಷಯ. ಏಟು ತಾಗುವ ಪರ್ಸೆಂಟ್ ಸಾಮಾನ್ಯವಾಗಿ ಹೊಡೆಯುವವನದ್ದಲ್ಲ, ಹೊಡೆಸಿಕೊಳ್ಳುವವನು ನಿಂತ ನೆಲದ್ದು. ನಿನ್ನ ಸ್ಪಿಯರ್‌ಮನ್ (ಈಟಿ ಹಿಡಿದ ಆಳು) ಹುಲ್ಲಿನ ಮೇಲೆ ನಿಂತರೆ ಅವನ ರಕ್ಷಣೆ 40, ಅಂದರೆ ಶತ್ರುವಿನ ಏಟು 60 ಪರ್ಸೆಂಟ್ ತಾಗುತ್ತದೆ. ಕಾಡು, ಗುಡ್ಡದಲ್ಲಿ ರಕ್ಷಣೆ 50, ಹಳ್ಳಿ, ಕೋಟೆ, ಬೆಟ್ಟದಲ್ಲಿ 60, ಮರಳಿನಲ್ಲಿ 30, ತಗ್ಗು ನೀರಲ್ಲೂ ಜೌಗಿನಲ್ಲೂ ಬರೀ 20. ಎಲ್ಲರಿಗೂ ಇದೇ ಅಂತ ತಿಳಿಯಬೇಡ. ಕುದುರೆ ಸವಾರನಿಗೆ ಕಾಡಿನಲ್ಲಿ 30, ಹಳ್ಳಿಯಲ್ಲೂ 40 ಮಾತ್ರ; ಕುಳ್ಳ ಡ್ವಾರ್ಫ್‌ಗೆ ಬೆಟ್ಟದಲ್ಲಿ 70.

ಹಾಗಾಗಿ "ಎಲ್ಲಿಂದ ಹೊಡೆಯಲಿ" ಅಂತ ಕೇಳುವ ಮೊದಲು "ಅವನನ್ನು ಎಲ್ಲಿ ನಿಲ್ಲಿಸಲಿ" ಅಂತ ಕೇಳಿಕೋ. ನೀನು ಆಡುತ್ತಿರುವ, ನಡುವೆ ನದಿ ಇರುವ ಸಿನಾರಿಯೊ ತೆಗೆದುಕೋ. ನೀನು ದಂಡೆಯ ಹುಲ್ಲಿನ ಮೇಲೆ ನಿಂತಿದ್ದರೆ ಶತ್ರು ಪಕ್ಷದ ಆರ್ಕ್ ಗ್ರಂಟ್ (ಕತ್ತಿ ಹಿಡಿದ ರಾಕ್ಷಸ ಆಳು) ನೀರಿಗೆ ಇಳಿದೇ ಹೊಡೆಯಬೇಕು: ನಿನ್ನ ಏಟು 80 ಪರ್ಸೆಂಟ್ ತಾಗುತ್ತದೆ, ಅವನದ್ದು 60. ಅವಸರ ಮಾಡಿ ನೀನೇ ನೀರಿಗಿಳಿದು ಆಚೆ ದಂಡೆಯವನನ್ನು ಹೊಡೆದರೆ ಲೆಕ್ಕ ತಿರುಗಾಮುರುಗಾ. ನೀರಿನ ಒಂದು ಮನೆ ದಾಟಲಿಕ್ಕೆ ಸ್ಪಿಯರ್‌ಮನ್‌ನ 5 ನಡೆಯಲ್ಲಿ 3 ಬೇಕು, ಆಟಿ ತಿಂಗಳ ಕೆಸರುಗದ್ದೆಯಲ್ಲಿ ಓಡಿದ ಹಾಗೆ. ನೀರಿನ ನಡುವೆಯೇ ಸರದಿ ಮುಗಿದುಬಿಡುತ್ತದೆ. ನಿನ್ನ ಆಳುಗಳು ಸಾಯುವುದು ಅಲ್ಲೇ ಅಂತ ನನಗೆ ಅನುಮಾನ.

ಇದರ ಮೇಲೆ ಹೊತ್ತಿನ ಲೆಕ್ಕ. ಆರು ಸರದಿಗೆ ಒಂದು ದಿನ. ಸಾಮಾನ್ಯವಾಗಿ ಮೊದಲ ಸರದಿ ನಸುಕು, 2 ಮತ್ತು 3 ಹಗಲು, 4 ಮುಸ್ಸಂಜೆ, 5 ಮತ್ತು 6 ರಾತ್ರಿ, 7ಕ್ಕೆ ಮತ್ತೆ ನಸುಕು. 'ಲಾಫುಲ್' ಗುಂಪಿನವರಿಗೆ (ನಿನ್ನ ಈಟಿಯವನು ಈ ಗುಂಪು) ಹಗಲು ಏಟಿನ ಬಲ 25 ಪರ್ಸೆಂಟ್ ಹೆಚ್ಚು, ರಾತ್ರಿ 25 ಕಡಿಮೆ. 'ಕಯಾಟಿಕ್' ಗುಂಪಿಗೆ (ಗ್ರಂಟ್ ಈ ಗುಂಪು) ಉಲ್ಟಾ. ನಸುಕು, ಮುಸ್ಸಂಜೆಗೆ ಏನೂ ಇಲ್ಲ. ಸ್ಪಿಯರ್‌ಮನ್‌ನ ಏಟು 7, ಮೂರು ಸಲ. ಗ್ರಂಟ್‌ನದ್ದು 9, ಎರಡು ಸಲ. ಪ್ರತಿ ಏಟನ್ನು ಹತ್ತಿರದ ಪೂರ್ಣಸಂಖ್ಯೆಗೆ ತಿರುಗಿಸಿ, ಹಗಲು ಎಲ್ಲ ತಾಗಿದರೆ ನಿನ್ನದು 27, ಅವನದು 14. ರಾತ್ರಿ ನಿನ್ನದು 15, ಅವನದು 22. ಅದೇ ಇಬ್ಬರು, ಅದೇ ಆಯುಧ!

ನೆಲವನ್ನೂ ಹೊತ್ತನ್ನೂ ಕೂಡಿಸಿ ನೋಡು. ರಾತ್ರಿ ನೀನು ನೀರಲ್ಲಿ, ಅವನು ಹುಲ್ಲಿನಲ್ಲಿ: ಒಂದು ಜಗಳದಲ್ಲಿ ಸರಾಸರಿ ಅವನಿಂದ ನಿನಗೆ 17.6, ನಿನ್ನಿಂದ ಅವನಿಗೆ 9. ಅದೇ ರಾತ್ರಿ ನೀನು ದಂಡೆಯಲ್ಲಿ, ಅವನು ನೀರಲ್ಲಿ: 13.2ಕ್ಕೆ 12. ಕೆಟ್ಟ ಹೊತ್ತನ್ನೂ ಒಳ್ಳೆ ನೆಲ ಹೆಚ್ಚುಕಡಿಮೆ ಸರಿದೂಗಿಸುತ್ತದೆ. ನನಗೆ ಈ ಆಟ ಇಷ್ಟವಾಗುವುದೇ ಇದಕ್ಕೆ.

ಅಂಕಿ ಕೂಡಿಸುವ ರೀತಿಯಲ್ಲೂ ಒಂದು ಸೂಕ್ಷ್ಮ ಉಂಟು. ಹೊತ್ತಿನ ಪರ್ಸೆಂಟ್ ಮತ್ತು ಪಕ್ಕದಲ್ಲಿ ನಿಂತ ಲೆಫ್ಟಿನೆಂಟ್‌ನ ನಾಯಕತ್ವದ 25 (ಆ ಮೇಲಧಿಕಾರಿ ಆಳಿಗಿಂತ ಒಂದು ಲೆವೆಲ್ ಕೆಳಗಿನವರಿಗೆ) ಪರಸ್ಪರ ಕೂಡುತ್ತವೆ, ಗುಣಿಸುವುದಿಲ್ಲ. ಹಗಲು 25, ನಾಯಕತ್ವ 25, ಒಟ್ಟು 50, ಏಳಕ್ಕೆ 10.5. ಸರಿಯಾಗಿ ಅರ್ಧ ಬಂದರೆ ಮೂಲ ಸಂಖ್ಯೆಯ ಕಡೆಗೇ ತಿರುಗುತ್ತದೆ, ಹಾಗಾಗಿ 10. ರಾತ್ರಿ ಅದೇ ಲೆಫ್ಟಿನೆಂಟ್ ಪಕ್ಕದಲ್ಲಿದ್ದರೆ ಕಳೆದ 25 ವಾಪಸ್ ಬಂದು ಏಟು 7ಕ್ಕೆ ನಿಲ್ಲುತ್ತದೆ. ಅವನನ್ನು ಹಗಲಿಗಿಂತ ರಾತ್ರಿಗೆ ಜೋಪಾನ ಮಾಡು.

ಇದಾದ ಮೇಲೆ ಶತ್ರುವಿನ ಮೈಯ ತಡೆ ಗುಣಿಸಲ್ಪಡುತ್ತದೆ. ಸ್ಕೆಲಿಟನ್‌ಗೆ (ಎಲುಬುಗೂಡಿನ ಶತ್ರು) ಚುಚ್ಚುವ ಆಯುಧದ ವಿರುದ್ಧ ತಡೆ 60, ಕಡಿಯುವುದಕ್ಕೆ 40. ಜಜ್ಜುವುದು ಮತ್ತು ಬೆಂಕಿ 20 ಹೆಚ್ಚು ತಾಗುತ್ತದೆ. ನಡು ಹಗಲಿನಲ್ಲೂ ಸ್ಪಿಯರ್‌ಮನ್‌ನ ಈಟಿ ಅದಕ್ಕೆ ಏಟಿಗೆ 4, ರಾತ್ರಿ 2. ಅದರ ಜೀವ 34, ಎಷ್ಟು ಹೊತ್ತಿಗೆ ಮುಗಿಸುತ್ತೀ? ಹೆವಿ ಇನ್‌ಫ್ಯಾಂಟ್ರಿಮನ್‌ನ ಗದೆ ಹಗಲು ಏಟಿಗೆ 16, ಎರಡು ಸಲ. ಮೇಜ್‌ನ (ಮಂತ್ರವಾದಿಯ) ಬೆಂಕಿ ಹಗಲು ಏಟಿಗೆ 10, ಮೂರು ಸಲ. ಮಾಂತ್ರಿಕ ಏಟಾದ್ದರಿಂದ ಯಾವ ನೆಲದಲ್ಲಿದ್ದರೂ 70 ಪರ್ಸೆಂಟ್. ಸ್ಕೆಲಿಟನ್ ಹತ್ತಿರ ದೂರದ ಆಯುಧವೇ ಇಲ್ಲ, ಹಾಗಾಗಿ ಮೇಜ್‌ಗೆ ತಿರುಗೇಟೂ ಇಲ್ಲ. ಆದರೆ ಸರದಿ ಮುಗಿಸುವ ಮುಂಚೆ ಅವನ ಮುಂದೆ ಯಾರಾದರೂ ನಿಲ್ಲಲೇಬೇಕು. ಅವನ ಜೀವ 24, ರಾತ್ರಿ ಸ್ಕೆಲಿಟನ್‌ನ ಮೂರು ಏಟು ಸೇರಿ 27.

ನಿಲ್ಲಿಸುವುದು ಹೇಗೆ? ಪ್ರತಿ ಆಳಿನ ಸುತ್ತಲಿನ ಆರು ಮನೆ ಅವನ ಹಿಡಿತ. ಶತ್ರು ಅಲ್ಲಿ ಕಾಲಿಟ್ಟ ಕೂಡಲೇ ಅವನ ನಡೆ ಸೊನ್ನೆ. ಸ್ಕರ್ಮಿಷರ್‌ಗಳಿಗೆ (ನುಸುಳಿ ಹೋಗುವ ಆಳುಗಳಿಗೆ) ಇದು ತಾಗದು, ಲೆವೆಲ್ 0 ಆಳಿಗೆ ಈ ಹಿಡಿತವೇ ಇಲ್ಲ. ಭುಜಕ್ಕೆ ಭುಜ ಕೊಟ್ಟು ಸಾಲು ಕಟ್ಟಬೇಕಾಗಿಲ್ಲ: ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಆ ಸರದಿಗೆ ಯಾರೂ ದಾಟಲಾರರು. ಮೂರು ಬಿಟ್ಟೆಯೋ, ನಡುವಿನದ್ದು ತೆರೆದ ಬಾಗಿಲು. ಶತ್ರುವಿನ ಎದುರುಬದುರು ಎರಡು ಬದಿಯಲ್ಲಿ ಒಬ್ಬೊಬ್ಬ ನಿಂತರೆ ಉಳಿದ ನಾಲ್ಕು ಮನೆಯೂ ಹಿಡಿತಕ್ಕೆ ಬರುತ್ತವೆ, ಅವನು ಒಂದು ಮನೆಗಿಂತ ಆಚೆ ಓಡಲಾರ.

ಉಳಿದದ್ದು ಬೇಗ ಹೇಳುತ್ತೇನೆ. ಬರೀ ಹೊಡೆದಾಡಿದರೆ ಶತ್ರುವಿನ ಲೆವೆಲ್‌ನಷ್ಟು ಅನುಭವ, ಕೊಂದರೆ ಅದರ 8 ಪಟ್ಟು. ಲೆವೆಲ್ ಏರಿದವನಿಗೆ ಜೀವ ಪೂರ್ತಿ ತುಂಬುತ್ತದೆ, ಹಾಗಾಗಿ ಸಾಯಲು ಬಿದ್ದವನಿಗೆ 8 ಅಂಕ ಸಾಕು ಅಂತಿದ್ದರೆ ಕೊನೆಯ ಏಟು ಅವನಿಗೇ ಬಿಡು. ವಿಷ ಸರದಿಗೆ 8 ಜೀವ ತಿನ್ನುತ್ತದೆ; ಹಳ್ಳಿಗೆ ಹೋದರೆ ಮೊದಲ ಸರದಿಗೆ ವಿಷ ಮಾತ್ರ ಇಳಿಯುತ್ತದೆ, 8 ಜೀವ ಬರುವುದು ಅದರ ಮುಂದಿನ ಸರದಿಗೆ. ಕ್ಯಾಂಪೇನ್‌ನಲ್ಲಿ ಆದಾಯ ಅಂದರೆ 2, ಜೊತೆಗೆ ಹಳ್ಳಿಗಳ ಸಂಖ್ಯೆ. ಆಳುಗಳ ಒಟ್ಟು ಲೆವೆಲ್ ಹಳ್ಳಿಗಳಿಗಿಂತ ಹೆಚ್ಚಾದರೆ ಆ ಹೆಚ್ಚಿನದ್ದು ಕಳೆಯುತ್ತದೆ. 8 ಹಳ್ಳಿ, 11 ಲೆವೆಲ್ ಇದ್ದರೆ ಸರದಿಗೆ 7 ಚಿನ್ನ. ನಾಯಕನಿಗೂ 'ಲಾಯಲ್' ಆಳುಗಳಿಗೂ ಸಂಬಳ ಇಲ್ಲ.

ನದಿಯ ಸಿನಾರಿಯೊವನ್ನು ಮೊದಲ ಸರದಿಯಿಂದ ಮತ್ತೆ ಆಡು. 4ನೇ ಸರದಿಯ ಒಳಗೆ ಎಲ್ಲರನ್ನೂ ಈಚೆ ದಂಡೆಗೆ ತಂದು ನಿಲ್ಲಿಸು, ನಡುವೆ ಎರಡೆರಡು ಮನೆ ಬಿಟ್ಟು. ಹಳ್ಳಿ ಇದ್ದ ಕಡೆ ಪೂರ್ತಿ ಜೀವ ಇರುವವನನ್ನೇ ಇಡು. ಕಂಪ್ಯೂಟರ್ ಹೆಚ್ಚಾಗಿ ಕಾಯುವುದಿಲ್ಲ, ರಾತ್ರಿ ನೀರಿಗಿಳಿದು ಬರುತ್ತದೆ. 5, 6ರಲ್ಲಿ ಗಾಯಗೊಂಡವರನ್ನು ಹಿಂದಕ್ಕೆ ತೆಗೆದು ಬದಲಿ ನಿಲ್ಲಿಸು, 7ರಲ್ಲಿ ನೀರಲ್ಲಿ ಉಳಿದವರನ್ನು ಮುಗಿಸು, 8ಕ್ಕೆ ನದಿಗೆ ಇಳಿ. ಆಗಲೂ ಸಾಲು ಒಡೆದರೆ 6ನೇ ಸರದಿಯ ಸೇವ್ ಫೈಲ್ ಕಳಿಸು, ಯಾವ ಮನೆಯಲ್ಲಿ ಸೋರಿತು ಅಂತ ನೋಡುವ.

ಇತಿ ನಿನ್ನ,
ಗಣೇಶ