ಕೊರಿಯಾ ಪ್ರವಾಸದಲ್ಲಿ ಡೇಜಾನ್ ಕೂಡ ಇರಲಿ

ಮಾನ್ಯ ಸಂಪಾದಕರೇ,

ಕೊರಿಯಾ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಪ್ರವಾಸ ಲೇಖನ ಚೆನ್ನಾಗಿತ್ತು. ಆದರೆ ಸೋಲ್, ಬುಸಾನ್ ಬಿಟ್ಟು ಆಚೆ ಹೋಗಲೇ ಇಲ್ಲ. ಡೇಜಾನ್ ನಗರದ ಪ್ಪುರಿ ಪಾರ್ಕ್ ಬಿಡುವಂಥ ಜಾಗವಲ್ಲ.

1997ರಲ್ಲಿ ಶುರುವಾದ ಈ ಉದ್ಯಾನ ಮನೆತನಗಳಿಗೇ ಮೀಸಲು. ಒಂದೊಂದು ಮನೆತನಕ್ಕೂ ಒಂದೊಂದು ಶಿಲ್ಪ. ಮೂಲಪುರುಷ ಯಾರು, ಅವರು ಎಲ್ಲಿಯವರು ಅಂತ ಕಲ್ಲಿನಲ್ಲೇ ಕೆತ್ತಿದ್ದಾರೆ. ಕಿಮ್ ಎಂಬ ಮನೆತನದ ಹೆಸರಿದ್ದವರೆಲ್ಲ ಒಂದೇ ಅಲ್ಲ. ಗಿಮ್ಹೇ ಊರಿನ ಕಿಮ್ ಬೇರೆ, ಗ್ಯೊಂಗ್ಜು ಊರಿನ ಕಿಮ್ ಬೇರೆ. ನಮ್ಮ ಗೋತ್ರದ ಹಾಗೇ ಅಲ್ವಾ? ಮನೆತನದ ಹೆಸರೂ ಮೂಲದ ಊರೂ ಒಂದೇ ಆದವರು ಅಲ್ಲಿ ಕಾನೂನಿನ ಪ್ರಕಾರ ಮದುವೆಯಾಗುವಂತಿರಲಿಲ್ಲ. ಆ ಕಾನೂನು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಅಲ್ಲಿನ ಕೋರ್ಟ್ ಹೇಳಿದ್ದೂ 1997ರಲ್ಲೇ.

ಗಿಮ್ಹೇ ಹೊ ಮನೆತನದವರಂತೂ ತಮ್ಮ ಮೂಲತಾಯಿ ಸಮುದ್ರ ದಾಟಿ ಬಂದ ರಾಜಕುಮಾರಿ ಎನ್ನುತ್ತಾರೆ. ಅವಳ ತವರು ಅಯೋಧ್ಯೆ ಎಂದು ನಂಬುವವರು ಬಹಳ. ಇತಿಹಾಸ ಎಷ್ಟೋ, ಕಥೆ ಎಷ್ಟೋ! ಆದರೂ ತಾಯಿಯ ಹೆಸರು ಹೊತ್ತ ಮನೆತನ ಎಂಬುದೇ ನನಗೆ ಇಷ್ಟವಾಯಿತು.

ಸೋಲ್‌ನಿಂದ ವೇಗದ ರೈಲಿನಲ್ಲಿ ಡೇಜಾನ್‌ಗೆ ಸುಮಾರು ಒಂದು ಗಂಟೆ. ಟೂರ್‌ನವರು ಸುಮ್ನೆ ಶಾಪಿಂಗಿಗೆ ಇಡುವ ಅರ್ಧ ದಿನವನ್ನು ಇದಕ್ಕೆ ಕೊಡಲಿ. ಉದ್ಯಾನದಲ್ಲೇ ಇರುವ ವಂಶಾವಳಿ ಮ್ಯೂಸಿಯಂ ಮೊದಲು ನೋಡಿಸಿ, ಆಮೇಲೆ ಶಿಲ್ಪಗಳ ಕಡೆ ಕರೆದೊಯ್ದರೆ ಒಳ್ಳೆಯದು.

— ಒಬ್ಬ ಓದುಗ, ಮೈಸೂರು