ಮೋರೇರ ಗುಡ್ಡಕ್ಕೆ ಬಸ್ಸಲ್ಲೇ ಹೋಗಬಹುದು

ಸಂಪಾದಕರಿಗೆ ನಮಸ್ಕಾರ.

ಚಾರಣ ಅಂದ್ರೆ ಎಲ್ಲರೂ ಮಲೆನಾಡು, ಗೋಕರ್ಣದ ಕಡಲತೀರ ಅಂತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಗುಡ್ಡಗಳು ಯಾರಿಗೂ ನೆನಪಾಗಲ್ಲ. ಹೋದ ಭಾನುವಾರ ನಾನು, ನನ್ನ ತಂಗಿ ಗಂಗಾವತಿಯಲ್ಲಿ ಬಸ್ಸು ಹತ್ತಿ ಹಿರೇಬೆಣಕಲ್‌ಗೆ ಹೋಗಿದ್ದೆವು. ಸುಮಾರು 10 ಕಿ.ಮೀ. ಅಷ್ಟೇ. 2023ರಿಂದ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲವಲ್ಲ!

ಊರಿಂದ ಮೋರೇರ ಗುಡ್ಡದ ಬಂಡೆಗಳ ನಡುವೆ ಏದುಸಿರು ಬಿಡುತ್ತಾ ಹತ್ತಿದರೆ, ಮೇಲೆ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳು, ಕೆಲವಕ್ಕೆ ದುಂಡನೆಯ ಕಿಂಡಿ ಬೇರೆ, ಎಲ್ಲವೂ ಎರಡು ಸಾವಿರ ವರ್ಷಕ್ಕೂ ಹಳೆಯವು. ಜನ ಇವನ್ನು ಮೋರೇರ ಮನೆ ಅಂತಾರೆ. ಬಡಿದರೆ ನಗಾರಿಯಂತೆ ಸದ್ದು ಮಾಡುವ ದೊಡ್ಡ ಬಂಡೆಯೂ ಇದೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಈ ಜಾಗ ಸೇರಿದೆ.

ಆದ್ರೆ ನಾವು ಎರಡು ಸಲ ದಾರಿ ತಪ್ಪಿದೆವು. ತಂದ ನೀರು ಅರ್ಧ ದಾರಿಯಲ್ಲೇ ಮುಗಿಯಿತು, ತಪ್ಪು ನಮ್ಮದೇ ಬಿಡಿ. ವಾಪಸ್ ಬರುವಾಗ ಬಸ್ಸಿಗೆ ಒಂದು ತಾಸು ಸುಮ್ನೆ ಕಾದೆವು. ಸ್ಟಾಪಿನಲ್ಲಿ ಬಸ್ಸಿನ ವೇಳೆ ಬರೆದ ಬೋರ್ಡು, ಗುಡ್ಡದ ದಾರಿಯಲ್ಲಿ ಅಲ್ಲಲ್ಲಿ ಸಣ್ಣ ಫಲಕ ಹಾಕಿಸಿದರೆ ಸಾಕು. ಬಂಡೆಗಳಿಗೆ ಮಾತ್ರ ದಯವಿಟ್ಟು ಬಣ್ಣ ಬಳಿಯಬೇಡಿ.

— ಓದುಗಿ, ಕೊಪ್ಪಳ